ಅಯ್ಯನವರ ಹದಿನಾಲ್ಕು ಹಸುಗಳು

ಹನ್ನೊಂದು ಹಸುಗಳ ಬಾಯಿ ಬಿಡಿಸಿ ನೋಡದೆಯೇ ಹನ್ನೊಂದಕ್ಕೂ ವಯಸ್ಸು ಬರೆದು ಸಹಿ ಹಾಕಿದ ಪಶುವೈದ್ಯ ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಅರ್ಧ ದಾರಿಯವರೆಗೂ ನೀವು ತಪ್ಪೆಲ್ಲ ಬೇರೆಯವರದು ಎಂದುಕೊಂಡು ನನ್ನ ಪರವಾಗಿ ಸಿಟ್ಟು ಮಾಡಿಕೊಂಡೀರಿ.

ಶರಾವತಿಯ ಹಿನ್ನೀರು ತುಂಬಿ ಒಂದೆರಡು ವರ್ಷವಾಗಿತ್ತು. ನಾನು ಹೊಸನಗರದ ಪಶು ಆಸ್ಪತ್ರೆಯಲ್ಲಿದ್ದೆ, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಒಂದು ದಿನ ಸಾಗರದ ಪ್ರವಾಸಿ ಮಂದಿರಕ್ಕೆ ಬರಬೇಕೆಂದು ತಹಸೀಲ್ದಾರರ ಕಚೇರಿಯಿಂದ ಚೀಟಿ ಬಂತು. ಯಾರೋ ದೊಡ್ಡವರ ನಾಯಿಗೆ ಹುಷಾರಿಲ್ಲ ಎಂದುಕೊಂಡು ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದೆ. ಅಲ್ಲಿ ನಾಯಿಯೂ ಇರಲಿಲ್ಲ, ಬೆಕ್ಕೂ ಇರಲಿಲ್ಲ. ಆದಾಯ ತೆರಿಗೆ ಅಧಿಕಾರಿಯೊಬ್ಬರು ಮೇಜಿನ ಮೇಲೆ ಫೈಲು ಹರಡಿಕೊಂಡು ಕೂತಿದ್ದರು. ಮೈಸೂರಿನವರು, ಸಣ್ಣ ದನಿಯ ಮನುಷ್ಯ, ಪ್ರತಿ ಕಾಗದವನ್ನೂ ಎರಡೆರಡು ಸಲ ಓದುವ ಜಾತಿ.

ವಿಷಯ ಇಷ್ಟು. ಸಾಗರದಿಂದ ಹೊಸನಗರಕ್ಕೆ ಹೋಗುವ ದಾರಿಯಲ್ಲಿ, ಒಂದು ದಿಬ್ಬದ ಮೇಲೆ, ಒಂದು ಸಣ್ಣ ಕ್ರೈಸ್ತ ಸೇವಾಸಂಸ್ಥೆ ಹನ್ನೆರಡು ಹಾಸಿಗೆಯ ಹೆರಿಗೆ ಆಸ್ಪತ್ರೆ ನಡೆಸುತ್ತಿತ್ತು. ಪಕ್ಕದಲ್ಲೇ ಹಂಚಿನ ಚರ್ಚು. ಎರಡಕ್ಕೂ ಮುಖ್ಯಸ್ಥರು ಒಬ್ಬರೇ. ಅವರನ್ನು ಸುತ್ತಲಿನವರೆಲ್ಲ, ಕ್ರೈಸ್ತರಲ್ಲದವರೂ ಸೇರಿ, ಅಯ್ಯನವರು ಎಂದೇ ಕರೆಯುತ್ತಿದ್ದರು. ಸಂಸ್ಥೆ ಧರ್ಮಾರ್ಥದ್ದು ಎಂದು ಅದಕ್ಕೆ ತೆರಿಗೆ ವಿನಾಯಿತಿ ಇತ್ತು. ಈಗ ಹೆಸರು ಸಹಿ ಇಲ್ಲದ ಒಂದು ಮೂಕರ್ಜಿ ಬಂದಿತ್ತು: ಅಯ್ಯನವರು ಸಂಸ್ಥೆಯ ನೆರಳಲ್ಲಿ ಸ್ವಂತಕ್ಕೆ ದನದ ವ್ಯಾಪಾರ ಮಾಡುತ್ತಾರೆ, ಮಂದೆಗಟ್ಟಲೆ ಹಸುಗಳನ್ನು ಊರೂರಿನ ಮನೆಗಳಲ್ಲಿ ಪಾಲಿಗೆ ಸಾಕಲು ಬಿಟ್ಟಿದ್ದಾರೆ ಎಂದು.

"ಡಾಕ್ಟ್ರೇ, ಧರ್ಮಕಾರ್ಯ ಅಂತ ಬೋರ್ಡ್ ಹಾಕ್ಕೊಂಡ್ರೆ ಸರ್ಕಾರ ತೆರಿಗೆ ಬಿಡುತ್ತೆ, ನಿಜ," ಎಂದರು ಅಧಿಕಾರಿ. "ಆದ್ರೆ ಅದರ ಆದಾಯ ನಡೆಸೋರ ಸ್ವಂತಕ್ಕೆ ಹೋಗಬಾರದು. ಇನ್ನೊಂದು ಜಿಲ್ಲೇಲಿ ನಾನೇ ಕಣ್ಣಾರೆ ನೋಡಿದೀನಿ. ಸಂಸ್ಥೆ ಹೆಸರಲ್ಲಿ ಅನಾಥಾಲಯ, ಹೆಂಡತಿ ಹೆಸರಲ್ಲಿ ಕಾಫಿ ತೋಟ, ಭಾವಮೈದನ ಹೆಸರಲ್ಲಿ ಲಾರಿ. ಮಕ್ಕಳು ಗಂಜಿ ಕುಡೀತಿದ್ರು, ಯಜಮಾನ್ರು ಕಾರಲ್ಲಿ ಓಡಾಡ್ತಿದ್ರು. ಮೂಕರ್ಜಿ ಅಂತ ಬಿಸಾಕಿದ್ರೆ ಅದು ಹೊರಗೆ ಬರ್ತಾನೇ ಇರ್ಲಿಲ್ಲ."

ಅವರ ಮಾತಿನಲ್ಲಿ ದ್ವೇಷವಿರಲಿಲ್ಲ. ಗಂಜಿ ಕುಡಿಯುತ್ತಿದ್ದ ಆ ಮಕ್ಕಳನ್ನು ನೆನೆದಾಗ ಅವರ ಮುಖ ನಿಜವಾಗಿಯೂ ಸಪ್ಪಗಾಯಿತು. ನನಗೆ ಅವರ ಮೇಲೆ ಗೌರವ ಮೂಡಿದ್ದೇ ಆಗ.

ಮೂಕರ್ಜಿಯ ಜೊತೆ ಒಂದು ಪಟ್ಟಿ ಇತ್ತು. ಆ ಚರ್ಚಿನಲ್ಲಿ ವರ್ಷಕ್ಕೊಮ್ಮೆ ಕೊಯ್ಲು ಮುಗಿದ ಮೇಲೆ ಸುಗ್ಗಿ ಹಬ್ಬದ ಆರಾಧನೆ. ಜನ ತಮ್ಮ ಬೆಳೆಯಲ್ಲಿ, ದನದ ಹಟ್ಟಿಯಲ್ಲಿ ಏನಿದೆಯೋ ಅದನ್ನು ಕಾಣಿಕೆ ತರುತ್ತಾರೆ. ಆರಾಧನೆಯಾದ ಮೇಲೆ ಅಂಗಳದಲ್ಲಿ ಅದನ್ನೆಲ್ಲ ಸವಾಲು ಹಾಕುತ್ತಾರೆ, ಹೆಚ್ಚು ಬೆಲೆ ಕೂಗಿದವರಿಗೆ ಅದು. ಯಾರು ಏನು ಕೂಗಿ ಕೊಂಡರು ಎಂದು ಬರೆದು ಚರ್ಚಿನ ಬಾಗಿಲಿಗೆ ಅಂಟಿಸುತ್ತಾರೆ. ಆರು ವರ್ಷದ ಅಂಥ ಪಟ್ಟಿಗಳನ್ನು ಯಾರೋ ನಕಲು ಮಾಡಿ ಕಳಿಸಿದ್ದರು. ಅದರಲ್ಲಿ ಕುಂಬಳಕಾಯಿ, ಬಾಳೆಗೊನೆ, ಹುಂಜಗಳ ಮಧ್ಯೆ ಹದಿನಾಲ್ಕು ಸಾಲುಗಳಿಗೆ ಕೆಂಪು ಪೆನ್ಸಿಲಿನ ಗೀಟು. ಪ್ರತಿ ಸಾಲಿನಲ್ಲೂ ಒಂದೇ ಒಕ್ಕಣೆ: ಕೊಟ್ಟವರು ಅಯ್ಯನವರು; ಕಂದು ಹಸು, ಹಣೆಯಲ್ಲಿ ಬಿಳಿ, ಒಂದು; ಕೊಂಡವರು ಇಂಥ ಊರಿನ ಇಂಥವರು.

"ಆರು ವರ್ಷಕ್ಕೆ ಹದಿನಾಲ್ಕು ಹಸು ಕೊಡಬೇಕಾದ್ರೆ ಹಿಂದೆ ಎಷ್ಟಿರಬೇಡ?" ಎಂದರು ಅಧಿಕಾರಿ. " ಕೊಂಡ್ಕೊಂಡೆ ಅನ್ನೋರೆಲ್ಲ ಸಾಕೋರೇ ಇರಬೇಕು. ಇನ್ನು ತೀರ್ಥಹಳ್ಳಿಯ ಒಬ್ಬ ಹೆಂಗಸು ಮೂರು ಸಲ ಕೊಂಡಿದಾಳೆ. ಅದಂತೂ ಬೇನಾಮಿನೇ. ನೀವು ಹೋಗಿ ಆ ಹಸುಗಳು ಆಯಾ ಮನೇಲಿ ಇದಾವಾ ನೋಡಿ, ವಯಸ್ಸು, ಬೆಲೆ ಬರ್ಕೊಂಡು ಬನ್ನಿ. ಯಾಕೆ ಬಂದ್ರಿ ಅಂತ ಮಾತ್ರ ಬಾಯಿ ಬಿಡಬೇಡಿ."

ಬಾಯಿ ಬಿಡದಿರಲು ನನ್ನ ಹತ್ತಿರ ಒಳ್ಳೆಯ ನೆಪವಿತ್ತು. ದನಗಳ ದೊಡ್ಡರೋಗಕ್ಕೆ ಮನೆಮನೆಗೆ ಹೋಗಿ ಲಸಿಕೆ ಹಾಕುವ ಕಾರ್ಯಕ್ರಮ ಆಗ ನಡೆಯುತ್ತಿತ್ತು. ಮಂಜುಗಡ್ಡೆ ತುಂಬಿದ ಥರ್ಮಾಸು, ಸಿರಿಂಜು, ಸ್ಪಿರಿಟ್ ಸೀಸೆ ಹಿಡಿದುಕೊಂಡು ಹೊರಟೆ, ಚುಚ್ಚಲು ಆಸ್ಪತ್ರೆಯ ಜವಾನನೊಬ್ಬ ಜೊತೆಗೆ. ಚಳಿಗಾಲ, ರಸ್ತೆಯೆಲ್ಲ ಕೆಂಪು ಧೂಳು. ಬಸ್ಸಿದ್ದಲ್ಲಿ ಬಸ್ಸು, ಇಲ್ಲದಲ್ಲಿ ಬಾಡಿಗೆ ಸೈಕಲ್ಲು.

ಇಲ್ಲಿ ನನ್ನ ಒಂದು ರೋಗದ ಬಗ್ಗೆ ಹೇಳಬೇಕು. ನಾನು ಮಂಡ್ಯದ ಕಡೆಯವನು. ಹಳ್ಳಿಕಾರ್ ಎತ್ತುಗಳ ಮಧ್ಯೆ ಬೆಳೆದವನು. ನನ್ನ ಕಣ್ಣಿಗೆ ದನವೆಂದರೆ ಎದೆ ಮಟ್ಟ ಬರಬೇಕು, ಕೊಂಬು ಆಕಾಶಕ್ಕೆ ಹೋಗಬೇಕು. ಮಲೆನಾಡಿನ ಗಿಡ್ಡ ಹಸುಗಳನ್ನು ಕಂಡರೆ, ಇವೇನು ಹಸುವೋ ಮೇಕೆಯೋ ಎಂದು ಒಳಗೊಳಗೇ ನಗುತ್ತಿದ್ದೆ. ಎಲ್ಲ ಒಂದೇ ಅಳತೆ, ಎಲ್ಲ ಒಂದೇ ಬಣ್ಣ. ಅವುಗಳ ಮುಖ ನೋಡಿ ಗುರುತಿಟ್ಟುಕೊಳ್ಳುವ ಗೋಜಿಗೇ ನಾನು ಹೋದವನಲ್ಲ. ಅಂಥ ಹಮ್ಮು ನನಗೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಮೊದಲ ಮನೆ ಆನಂದಪುರದ ಹತ್ತಿರ. ಜಮೀನು ಇದ್ದ ಗೌಡರದು. ಯಜಮಾನರು ಜಗುಲಿಯಲ್ಲಿ ಚಾಪೆ ಹಾಕಿಸಿ ಕೂರಿಸಿದರು, ಬೆಲ್ಲ ನೀರು ಬಂತು.

"ಎರಡು ವರ್ಷದ ಹಿಂದೆ ಸುಗ್ಗಿ ಹಬ್ಬದಲ್ಲಿ ಅಯ್ಯನವರ ಹಸು ಕೂಗಿದ್ರಂತೆ?" ಎಂದೆ, ಏನೂ ಗೊತ್ತಿಲ್ಲದವನ ಹಾಗೆ.

"ಹೌದು ಕಣ್ರಿ. ಸೊಸೆ ಹೆರಿಗೆ ಕಷ್ಟ ಆಗಿತ್ತು. ತಾಯಿ ಮಗು ಎರಡೂ ಉಳಿದ್ವು ಅವ್ರಿಂದ. ಅದೇ ಸಲ ಕೂಗಿದ್ವಿ."

ಕೊಟ್ಟಿಗೆ ಜಗುಲಿಯಿಂದಲೇ ಕಾಣುತ್ತಿತ್ತು. ಐದಾರು ದನಗಳ ನಡುವೆ ಒಂದು ಕಂದು ಹಸು, ಹಣೆಯಲ್ಲಿ ಬಿಳಿ. "ಆ ಕಂದು ಹಸುವಿಗೂ ಚುಚ್ಚಲಾ?" ಎಂದೆ. "ಚುಚ್ಚಿ ಚುಚ್ಚಿ, ಎಲ್ಲಕ್ಕೂ ಚುಚ್ಚಿ," ಎಂದರು. ನನಗೆ ಅಷ್ಟು ಸಾಕಾಯಿತು. ಜವಾನ ಕೊಟ್ಟಿಗೆಗೆ ಇಳಿದು ಚುಚ್ಚಿ ಬಂದ, ನಾನು ಜಗುಲಿಯಲ್ಲೇ ಕೂತಿದ್ದೆ. ಹೊರಗೆ ಬಂದು ಪಟ್ಟಿಯಲ್ಲಿ ಮೊದಲ ಸಾಲಿಗೆ ಸರಿ ಗುರುತು ಹಾಕಿದೆ.

ಮುಂದಿನ ಹತ್ತು ಮನೆಗಳೂ ಹೀಗೆಯೇ. ತಾಳಗುಪ್ಪದ ಕಡೆ ಗೇಣಿ ಮಾಡುವ ಒಕ್ಕಲು, ಸಾಗರದ ಪೇಟೆಯ ಅಂಚಿನ ಬಡಗಿ, ಹೊಸನಗರದ ಇಬ್ಬರು ರೈತರು. ಕೆಲವರು ಕ್ರೈಸ್ತರು, ಬಹಳ ಜನ ಅಲ್ಲ. ಎಲ್ಲರೂ "ಹೌದು, ಕೂಗಿದ್ವಿ" ಎಂದರು. ಎಲ್ಲರ ಕೊಟ್ಟಿಗೆಯಲ್ಲೂ ಕಂದು ಹಸುವೊಂದು ಇದ್ದೇ ಇತ್ತು. ಮಲೆನಾಡಿನಲ್ಲಿ ಕಂದು ಹಸು ಇಲ್ಲದ ಕೊಟ್ಟಿಗೆ ಹುಡುಕಿದರೆ ಅದು ಸುದ್ದಿ. ನನ್ನ ತಲೆಗೆ ಅದು ಹೊಳೆಯಲಿಲ್ಲ. ಇನ್ನೂ ಕೆಟ್ಟ ಕೆಲಸವೆಂದರೆ, ವಯಸ್ಸಿನ ಕಾಲಮ್ಮಿಗೆ ನಾನು ಹಸುವಿನ ಬಾಯಿ ನೋಡಲಿಲ್ಲ, ಪಟ್ಟಿಯ ವರ್ಷ ನೋಡಿದೆ. ಐದು ವರ್ಷದ ಹಿಂದೆ ಕೊಂಡದ್ದೇ? ಹಾಗಾದರೆ ಎಂಟು ವರ್ಷ. ಎರಡು ವರ್ಷದ ಹಿಂದಿನದೇ? ಹಾಗಾದರೆ ಐದು. ಹನ್ನೊಂದು ಹಸು, ಹನ್ನೊಂದು ವಯಸ್ಸು, ಕೆಳಗೆ ನನ್ನ ಸಹಿ, ಇಲಾಖೆಯ ಮೊಹರು.

ತೀರ್ಥಹಳ್ಳಿಯ ಮೂರು ಬಾಕಿ ಇರುವಾಗಲೇ ಅಧಿಕಾರಿಗಳು ಅವಸರ ಮಾಡಿದರು. ಇದ್ದಷ್ಟನ್ನು ಕಳಿಸಿದೆ. ಅದರ ಮೇಲೆ ಅಯ್ಯನವರಿಗೆ ನೋಟಿಸು ಹೋಯಿತು: ವಿನಾಯಿತಿ ಏಕೆ ರದ್ದು ಮಾಡಬಾರದು, ಇಂಥ ದಿನ ವಿಚಾರಣೆ, ಉತ್ತರ ಕೊಡಿ ಎಂದು. ನಾನು ಬಹಳ ಖುಷಿಯಲ್ಲಿದ್ದೆ. ದೊಡ್ಡ ಮೋಸವೊಂದನ್ನು ಹಿಡಿದೆ, ಖಾಯಂ ಆಗುವುದು ಇನ್ನು ನಿಕ್ಕಿ ಎಂದು ಹೋಟೆಲಿನಲ್ಲಿ ಎರಡು ಮಸಾಲೆ ದೋಸೆ ತಿಂದೆ.

ತೀರ್ಥಹಳ್ಳಿಗೆ ಹೋದದ್ದು ಆಮೇಲೆ. ಮೂರು ಹಸು ಕೊಂಡ ಬೇನಾಮಿ ಹೆಂಗಸು ದೊಡ್ಡ ಮನೆಯವಳೇ ಇರಬೇಕೆಂದು ಪೇಟೆಯಲ್ಲಿ ವಿಚಾರಿಸಿದೆ. ಜನ ಒಂದು ಓಣಿ ತೋರಿಸಿದರು. ಅಕ್ಕಿ ಮಂಡಿಯ ಹಿಂಭಾಗದಲ್ಲಿ ಒಂದೇ ಕೋಣೆ. ಒಳಗೆ ಹೊಲಿಗೆ ಯಂತ್ರ, ಅದರ ಮುಂದೆ ಐವತ್ತು ದಾಟಿದ ಒಬ್ಬ ವಿಧವೆ, ಬಾಯಿ ತುಂಬ ಗುಂಡುಸೂಜಿ. ಕೊಟ್ಟಿಗೆ ಇರಲಿ, ಹಗ್ಗ ಕಟ್ಟುವ ಗೂಟಕ್ಕೂ ಅಲ್ಲಿ ಜಾಗವಿರಲಿಲ್ಲ.

"ದೊಡ್ಡರೋಗಕ್ಕೆ ಲಸಿಕೆ ಹಾಕೋಕೆ ಬಂದಿದೀನಮ್ಮ. ನಿಮ್ಮ ಹಸುಗಳೆಲ್ಲಿ?"

ಆಕೆ ಒಂದೊಂದೇ ಸೂಜಿ ಬಾಯಿಂದ ತೆಗೆದಿಟ್ಟಳು. "ನಂಗೆಲ್ಲಿ ಹಸು ಡಾಕ್ಟ್ರೇ? ನಂಗೇ ಕಾಲು ಚಾಚೋಕೆ ಜಾಗ ಇಲ್ಲ."

"ಸುಗ್ಗಿ ಹಬ್ಬದಲ್ಲಿ ಮೂರು ಸಲ ಕೊಂಡಿದೀರಲ್ಲ!"

ಆಕೆಗೆ ನಗು ಬಂತು. ಎಂಥಾ ನಗು ಅಂತೀರಿ, ಯಂತ್ರದ ಮೇಲೆ ಕೈಯೂರಿ ನಕ್ಕಳು. "ಅಯ್ಯೋ ಮಾರಾಯ್ರೆ, ಕೊಂಡೋರು ಮನೆಗೆ ಹೊಡ್ಕೊಂಡು ಹೋಗ್ತಾರಾ? ಕೂಗೋದು, ದುಡ್ಡು ಕಟ್ಟೋದು, 'ದೇವರಿಗೆ ವಾಪಸ್' ಅನ್ನೋದು, ಹಗ್ಗ ಅಲ್ಲೇ ಬಿಡೋದು. ಆಮೇಲೆ ಅದೇ ಹಸೂನ ಇನ್ನೊಬ್ರು ಕೂಗ್ತಾರೆ. ಅವ್ರೂ ಬಿಡ್ತಾರೆ. ಕುಂಬಳಕಾಯಿನೂ ಹಾಗೇ, ಒಂದು ಕಾಯಿ ಐದು ಕೈ ದಾಟುತ್ತೆ. ಮನೆಗೆ ತಗೊಂಡು ಹೋದ್ರೆ ಮರ್ಯಾದೆ ಇರುತ್ತಾ?"

"ಹಾಗಾದ್ರೆ ಹದಿನಾಲ್ಕು..."

"ಯಾವ ಹದಿನಾಲ್ಕು? ಇರೋದೇ ಒಂದು ಹಸು. ಅಯ್ಯನವರು ಮೊದಲ ವರ್ಷ ದೇವರಿಗೆ ಕೊಟ್ಟಿದ್ದು. ಆಸ್ಪತ್ರೆ ಹಟ್ಟೀಲೇ ಇದೆ. ಬಾಣಂತಿಯರಿಗೆ ಅದರದ್ದೇ ಹಾಲು. ನನ್ನ ಮಗಳ ಮೂರು ಹೆರಿಗೇನೂ ಅಲ್ಲೇ. ಹೆರಿಗೆಗೊಂದು ಸಲ ಕೂಗಿದೀನಿ."

ಹನ್ನೊಂದು ಮನೆಗಳಲ್ಲಿ "ಕೂಗಿದ್ರಾ" ಎಂದು ಕೇಳಿದ್ದೆ. "ಹೊಡ್ಕೊಂಡು ಬಂದ್ರಾ" ಎಂದು ಒಂದು ಮನೆಯಲ್ಲೂ ಕೇಳಿರಲಿಲ್ಲ. ಹೇಳುವುದಕ್ಕೆ ಅವರಿಗಾದರೂ ಏನು ಕಾರಣ? ಮಂಗಳಾರತಿ ತಟ್ಟೆಗೆ ಹಾಕಿದ್ದನ್ನು ಮನೆಗೆ ತರಲಿಲ್ಲ ಎಂದು ಯಾರಾದರೂ ಯಾರಿಗಾದರೂ ವಿವರಿಸುತ್ತಾರೆಯೇ?

ಮರುದಿನದಿಂದಲೇ ಹನ್ನೊಂದು ಮನೆಗಳಿಗೆ ಎರಡನೆಯ ಸುತ್ತು ಹೊರಟೆ. ಈ ಸಲ ಜಗುಲಿಯಲ್ಲಿ ಕೂರಲಿಲ್ಲ. ಕೊಟ್ಟಿಗೆಗೆ ಇಳಿದು, ಹಸುವಿನ ಮೂಗು ಹಿಡಿದು, ಕೆಳದವಡೆಯ ತುಟಿ ಬಿಡಿಸಿ ನೋಡಿದೆ. ದನಕ್ಕೆ ಮುಂಭಾಗದ ಹಲ್ಲು ಕೆಳಗೆ ಮಾತ್ರ, ಎಂಟು. ಎರಡು ದೊಡ್ಡ ಹಲ್ಲು ಬಂದಿದ್ದರೆ ಎರಡೂವರೆ ವರ್ಷದ ಆಸುಪಾಸು. ನಾಲ್ಕು, ಆರು, ಹೀಗೆ ಏರುತ್ತ ಎಂಟೂ ಬಂದು ಬಾಯಿ ಕೂಡುವಾಗ ಐದು. ಆಮೇಲೆ ಹಲ್ಲಿನ ಸವೆತ, ಕೊಂಬಿನ ಬುಡದ ಬಳೆಗಳನ್ನು ನೋಡಬೇಕು. ಆನಂದಪುರದ ಗೌಡರ ಕಂದು ಹಸುವಿಗೆ ಎರಡೇ ಹಲ್ಲು. ನನ್ನ ವರದಿಯಂತೆ ಅದು ಸವಾಲಿನಲ್ಲಿ ಮಾರಾಟವಾದ ಎರಡು ವರ್ಷದ ಹಿಂದೆ ಅದಿನ್ನೂ ತಾಯಿಯ ಕೆಚ್ಚಲಿಗೆ ಗುದ್ದುವ ಕರು. ತಾಳಗುಪ್ಪದ ಹಸುವಿಗೆ ನಾಲ್ಕು ಹಲ್ಲು, ನನ್ನ ವರದಿಯಲ್ಲಿ ಅದಕ್ಕೆ ಎಂಟು ವರ್ಷ. ಬಡಗಿಯ ಮನೆಯದು ಹಸುವೇ ಅಲ್ಲ, ಕಂದು ಬಣ್ಣದ ಹೋರಿ! ಜಗುಲಿಯಿಂದ ನನಗೆ ಅದರ ಮುಂಭಾಗ ಮಾತ್ರ ಕಂಡಿತ್ತು.

"ಮೊನ್ನೆ ಚುಚ್ಚಿ ಹೋದೋರು ಇವತ್ತು ಹಲ್ಲು ಎಣಿಸ್ತೀರಲ್ಲ, ಎಂತ ಕಥೆ ಡಾಕ್ಟ್ರೇ?" ಎಂದು ಬಡಗಿ ಕೇಳಿದ. ನನ್ನ ಕಥೆ ಎಂದೆ.

ಅಲ್ಲಿಂದ ನೇರ ದಿಬ್ಬದ ಆಸ್ಪತ್ರೆಗೆ ಹೋದೆ. ಅಲ್ಲಿಯವರೆಗೆ ನಾನು ಆ ಕಡೆ ಕಾಲಿಟ್ಟಿರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಆಪಾದನೆ ಇದ್ದ ಮನುಷ್ಯನನ್ನು ಬಿಟ್ಟು ಉಳಿದವರನ್ನೆಲ್ಲ ನೋಡಿ ಬಂದಿದ್ದೆ. ಅಯ್ಯನವರು ಹಟ್ಟಿಯ ಮುಂದೆ ಹುಲ್ಲಿನ ಹೊರೆ ಬಿಚ್ಚುತ್ತಿದ್ದರು. ಬಡಕಲು ಮುದುಕರು, ಮೊಣಕಾಲವರೆಗೆ ಎತ್ತಿ ಕಟ್ಟಿದ ಪಂಚೆ, ಕನ್ನಡಕದ ಒಂದು ಕಡ್ಡಿಯ ಜಾಗದಲ್ಲಿ ದಾರ. ಅವರು ಕರಾವಳಿಯವರು, ಮಾತಿನಲ್ಲಿ ಅದು ಗೊತ್ತಾಗುತ್ತಿತ್ತು. ಅವರ ಹಿಂದೆ ಒಂದೇ ಒಂದು ಹಸು, ಕಂದು, ಹಣೆಯಲ್ಲಿ ಬಿಳಿ.

ನಾನು ಯಾರು, ಏನು ಮಾಡಿದ್ದೇನೆ ಎಂದು ನಿಂತಲ್ಲೇ ಹೇಳಿದೆ. ಅಯ್ಯನವರು ಹೊರೆ ಬಿಚ್ಚುತ್ತಲೇ ಕೇಳಿಸಿಕೊಂಡರು. ರೇಗಿದವರು ಆಸ್ಪತ್ರೆಯ ನರ್ಸಮ್ಮ. ಆ ಹನ್ನೆರಡು ಹಾಸಿಗೆಗಳನ್ನು ಇಪ್ಪತ್ತು ವರ್ಷದಿಂದ ನಡೆಸಿಕೊಂಡು ಬಂದವರು ಅವರೇ.

"ನೀವಾ ಆ ಡಾಕ್ಟ್ರು? ವಿನಾಯಿತಿ ಹೋದ್ರೆ ಹಿಂದಿನದ್ದೆಲ್ಲ ಸೇರಿಸಿ ತೆರಿಗೆ ಕಟ್ಟಬೇಕಂತೆ. ದಾನ ಕೊಡೋರು ಆಗಲೇ ಕಾಗದ ಬರೆದಿದಾರೆ, ಇದು ತೀರ್ಮಾನ ಆಗೋವರೆಗೆ ಏನೂ ಕೊಡೂದಿಲ್ಲ ಅಂತ. ನಾನು ಬಾಗಿಲು ಹಾಕಿ ಊರಿಗೆ ಹೋಗ್ತೇನೆ, ನನಗೇನು? ಹಿನ್ನೀರಿನ ಆಚೆಯಿಂದ ದೋಣೀಲಿ ನೋವು ತಿನ್ಕೊಂಡು ಬರ್ತಾರಲ್ಲ ಹೆಂಗಸರು, ಅವರನ್ನ ನಿಮ್ಮ ದನದ ಆಸ್ಪತ್ರೆಗೆ ಸೇರಿಸ್ಕೊಳ್ಳಿ!"



ಅಯ್ಯನವರು ಒಳಗಿನಿಂದ ನೋಟಿಸಿಗೆ ಬರೆದ ಉತ್ತರದ ಕರಡು ತಂದು ನನ್ನ ಕೈಗಿತ್ತರು. ಚೆನ್ನಾಗಿಯೇ ಬರೆದಿದ್ದರು. ಒಂದೇ ಹಸು, ಮತ್ತೆ ಮತ್ತೆ ಸವಾಲು, ಹಿಂದಕ್ಕೆ ಕೊಡುವ ಪದ್ಧತಿ, ಮೊದಲು ಕೊಟ್ಟವರ ಹೆಸರನ್ನೇ ಪ್ರತಿ ಸಾಲಿಗೂ ಬರೆಯುವ ರೂಢಿ, ಎಲ್ಲ ಇತ್ತು. ಕೊನೆಯಲ್ಲಿ ಒಂದು ಸಾಲು: ಈ ಹಸುವಿನ ಹಾಲಿನಲ್ಲಿ ದಿನವೂ ಬೆಳಿಗ್ಗೆ ಒಂದು ಲೋಟ ನಾನು ಸ್ವಂತಕ್ಕೆ ಕುಡಿಯುತ್ತೇನೆ.

"ನೋಡಿ ಡಾಕ್ಟ್ರೇ, ನೀವೇ ಹೇಳಿ ಇವರಿಗೆ," ಎಂದರು ನರ್ಸಮ್ಮ. "ಇದನ್ನ ಯಾರು ಕೇಳಿದ್ರು? ಸಂಸ್ಥೆಯದ್ದು ಸ್ವಂತಕ್ಕೆ ಹೋಗಬಾರದು ಅಂತ ಅವರು ಹುಡುಕ್ತಾ ಇದ್ರೆ ಇವರೇ ತಟ್ಟೇಲಿಟ್ಟು ಕೊಡ್ತಾರೆ!"

ನಾನೂ ಹೌದೆಂದೆ. ಆ ಅಧಿಕಾರಿ ಒಂದು ಸಾಲು ಸಿಕ್ಕರೆ ಬಿಡುವವರಲ್ಲ, ಈ ಲೋಟ ಬೇಡ ಅಯ್ಯನವರೇ, ಹೊಡೆದುಹಾಕಿ ಎಂದೆ.

ಅವರು ಕನ್ನಡಕದ ದಾರ ಸರಿಮಾಡಿಕೊಂಡು ನನ್ನನ್ನು ನೋಡಿದರು. ಸಿಟ್ಟೇನೂ ಇರಲಿಲ್ಲ. "ಡಾಕ್ಟ್ರೇ, ನೀವು ನೋಡದೇ ಇದ್ದದ್ದನ್ನ ಬರೆದ್ರಿ. ನಾನು ಕುಡಿಯುವುದನ್ನ ಬರೆಯುವುದು ಬೇಡ ಅಂತೀರಿ. ಮತ್ತೆ ಬರೆಯಲಿಕ್ಕೆ ಎಂತ ಉಂಟು?"

ಕಪಾಳಕ್ಕೆ ಹೊಡೆದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ಸೈಕಲ್ ತಳ್ಳಿಕೊಂಡೇ ದಿಬ್ಬ ಇಳಿದೆ.

ಶಿವಮೊಗ್ಗೆಗೆ ಹೋಗಿ ನನ್ನ ಮೇಲಧಿಕಾರಿಯವರಿಗೆ ಎಲ್ಲ ಹೇಳಿದೆ. ಅವರು ಒಳ್ಳೆಯವರೇ, ನನ್ನನ್ನು ಉಳಿಸಲು ನೋಡಿದರು. "ಗಾಬರಿ ಬೀಳಬೇಡಪ್ಪ. 'ಮರುಪರಿಶೀಲನೆಯಲ್ಲಿ ಹಸುಗಳನ್ನು ಖಚಿತವಾಗಿ ಗುರುತಿಸಲು ಸಾಧ್ಯವಾಗಲಿಲ್ಲ' ಅಂತ ಒಂದು ಸಾಲು ಬರೆದು ಹಾಕು. ನಿನ್ನ ಮೇಲೂ ಬರಲ್ಲ, ಅವರಿಗೂ ಅನುಕೂಲ ಆಗುತ್ತೆ. ಖಾಯಂ ಆಗೋ ಹೊತ್ತಲ್ಲಿ ತಪ್ಪಾಯ್ತು ಅಂತ ಯಾರಾದ್ರೂ ಬರ್ಕೊಡ್ತಾರಾ?"

ಹೊರಗೆ ಬಂದು ಆ ಸಾಲನ್ನೇ ಬರೆದೆ. ಸುಳ್ಳೇನೂ ಅಲ್ಲ ಎಂದುಕೊಂಡೆ. ಎರಡು ಸಲ ಓದಿದೆ. ಸಾಧ್ಯವಾಗಲಿಲ್ಲವಂತೆ! ಸಾಧ್ಯವಾಗದಿರಲು ಆ ಹಸುಗಳೇನು ಕಾಡಿಗೆ ಓಡಿಹೋಗಿದ್ದವೇ? ನಾನೇ ಜಗುಲಿಯಿಂದ ಏಳಲಿಲ್ಲ. ಈ ಮೆತ್ತನೆಯ ಸಾಲು ಹೋದರೆ, ಹಸುಗಳು ಇದ್ದರೂ ಇರಬಹುದು ಎಂಬ ಅನುಮಾನ ಫೈಲಿನಲ್ಲಿ ಉಳಿಯುತ್ತದೆ. ಎರಡೆರಡು ಸಲ ಓದುವ ಆ ಮನುಷ್ಯ ಅದನ್ನು ಹಿಡಿದುಕೊಂಡರೆ ಆಸ್ಪತ್ರೆಯ ಕಥೆ ಮುಗಿಯಿತು. ಕಾಗದ ಹರಿದು ಹೊಸದು ತೆಗೆದುಕೊಂಡೆ. ಮೊದಲ ವರದಿ ಬರೆಯುವಾಗ ನಾನು ಒಂದು ಹಸುವಿನ ಬಾಯಿಯನ್ನೂ ತೆರೆಯಲಿಲ್ಲ. ವಯಸ್ಸನ್ನು ಪಟ್ಟಿಯ ವರ್ಷಕ್ಕೆ ಹೊಂದಿಸಿ ಬರೆದೆ. ಈಗ ನೋಡಿದಾಗ ಇಂಥ ಮನೆಯದಕ್ಕೆ ಇಷ್ಟು ಹಲ್ಲು, ಇಂಥ ಮನೆಯದು ಹೋರಿ. ಹನ್ನೊಂದರಲ್ಲಿ ಒಂದೂ ಅಯ್ಯನವರದಲ್ಲ. ನನ್ನ ವರದಿ ತಪ್ಪು, ಅದನ್ನು ಹಿಂತೆಗೆದುಕೊಂಡಿದ್ದೇನೆ. ಸಹಿ ಹಾಕಿ ನಾನೇ ಅಂಚೆಗೆ ಹಾಕಿದೆ. ಕೆಲಸ ಹೋದರೆ ಊರಲ್ಲಿ ಅಪ್ಪನಿಗೆ ಏನು ಹೇಳುವುದು ಎಂಬ ಭಯ. ಆದರೂ ಹಸಿವಾಯಿತು. ಎಷ್ಟೋ ದಿನದ ಮೇಲೆ.

ನನ್ನ ಪತ್ರ ಓದಿ ತೆರಿಗೆ ಅಧಿಕಾರಿಗಳು ವಿಚಾರಣೆಯನ್ನು ಸಾಗರದ ಬದಲು ದಿಬ್ಬದ ಮೇಲೇ ಇಟ್ಟರು. ಗುಮಾಸ್ತನ ಜೊತೆ ಜೀಪಿನಲ್ಲಿ ಬಂದು, ಆಸ್ಪತ್ರೆಯ ಜಗುಲಿಯಲ್ಲಿ ಮೇಜು ಹಾಕಿಸಿ ಕೂತರು. ಮೊದಲು ಅಯ್ಯನವರ ಕೋಣೆ ನೋಡಿದರು. ಒಂದು ಮಂಚ, ಒಂದು ಟ್ರಂಕು, ಗೋಡೆಯ ಮೊಳೆಗೆ ಒಂದು ಕೊಡೆ. ಟ್ರಂಕನ್ನೂ ತೆರೆಸಿದರು. ಆಮೇಲೆ ಬಂದು ನನ್ನ ಪತ್ರವನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು. ಹೋರಿಯ ಸಾಲು ಬಂದಾಗ ಗುಮಾಸ್ತ ಕಿಸಕ್ಕನೆ ನಕ್ಕ. ನಾನು ನೆಲ ನೋಡುತ್ತ ನಿಂತಿದ್ದೆ.

"ಈಗ ಈ ಹಸುವಿನ ಬಾಯಿ ತೆಗೀರಿ," ಎಂದರು.

ತೆಗೆದೆ. ಎಂಟು ಹಲ್ಲೂ ಸವೆದು ನಡುವೆ ಸಂದಿ ಬಿದ್ದಿತ್ತು. ಕೊಂಬಿನ ಬುಡದಲ್ಲಿ ಬಳೆಗಳ ಸಾಲು, ಕರು ಹಾಕಿದ ಗುರುತು. ಹತ್ತು ವರ್ಷಕ್ಕೆ ಕಡಿಮೆಯಿಲ್ಲ, ಪಟ್ಟಿಯ ಮೊದಲ ವರ್ಷವೂ ಇದು ಹಾಲು ಕೊಡುವ ಹಸುವಾಗಿತ್ತು ಎಂದೆ. ಅವರು ಬಗ್ಗಿ ತಾವೇ ಬೆರಳಿಟ್ಟು ಹಲ್ಲು ಎಣಿಸಿದರು. ಎರಡು ಸಲ.

ಆಮೇಲೆ ಅಯ್ಯನವರ ಉತ್ತರ ಕೈಗೆತ್ತಿಕೊಂಡರು. ಕೊನೆಯ ಸಾಲಿಗೆ ಬಂದಾಗ ಅವರ ಪೆನ್ಸಿಲ್ ನಿಂತಿತು.

"ಸಂಸ್ಥೆಯ ಹಸುವಿನ ಹಾಲು ನೀವು ಕುಡೀತೀರಾ?"

"ಹೌದು. ಬೆಳಿಗ್ಗೆ ಒಂದು ಲೋಟ."

"ದುಡ್ಡು ಕೊಟ್ಟು?"

"ಇಲ್ಲ."

ಗುಮಾಸ್ತ ಅದನ್ನೂ ಬರೆದುಕೊಂಡ. ನರ್ಸಮ್ಮ ತುಟಿ ಕಚ್ಚಿಕೊಂಡು ನಿಂತಿದ್ದರು. ಅಷ್ಟರಲ್ಲಿ ದಿಬ್ಬದ ಕೆಳಗೆ ಗಾಡಿ ನಿಂತ ಸದ್ದು, ಹೆಂಗಸೊಬ್ಬಳ ನರಳಾಟ. ಆ ಕಡೆಯಿಂದ ಇಬ್ಬರು ಅವಳನ್ನು ಎತ್ತಿಕೊಂಡೇ ಬಂದರು. ನರ್ಸಮ್ಮ ಅಧಿಕಾರಿಗಳ ಅಪ್ಪಣೆಗೂ ಕಾಯದೆ ಒಳಗೆ ಓಡಿದರು. ಬಾಗಿಲು ಮುಚ್ಚಿತು.

ಅಧಿಕಾರಿ ಆ ಬಾಗಿಲನ್ನು ಸ್ವಲ್ಪ ಹೊತ್ತು ನೋಡಿದರು. ಮತ್ತೆ ಅಯ್ಯನವರ ಕಡೆ ತಿರುಗಿದರು. "ಈ ಹಸುವಿಗೆ ಹುಲ್ಲು ಯಾರು ತರ್ತಾರೆ?"

"ನಾನೇ ಕೊಯ್ಯುವುದು. ಆಸ್ಪತ್ರೆ ಕೆಲಸ ನನಗೆ ಬರುವುದಿಲ್ಲ. ಹುಲ್ಲು ಕೊಯ್ಯಲಿಕ್ಕೆ ಬರ್ತದೆ."

"ದಿನಕ್ಕೆ ಎಷ್ಟು?"

"ಎರಡು ಹೊರೆ."

"ಡಾಕ್ಟ್ರೇ," ಎಂದರು ನನ್ನ ಕಡೆ ನೋಡದೆ, "ಈ ಸಲ ನೋಡ್ಕೊಂಡು ಹೇಳಿ. ಎರಡು ಹೊರೆ ಹುಲ್ಲು ಕೊಯ್ದು ತರೋಕೆ ಆಳಿಟ್ಟರೆ ಅವನ ಕೂಲಿ ಜಾಸ್ತಿಯೋ, ಒಂದು ಲೋಟ ಹಾಲು ಜಾಸ್ತಿಯೋ?"

ನಾನು ಹಟ್ಟಿಗೆ ಹೋಗಿ, ಹೊರೆಯನ್ನು ತಲೆಯ ಮೇಲೆತ್ತಿ ಭಾರ ನೋಡಿ ಬಂದೆ. ಆ ಮುದುಕರು ಅದನ್ನು ಹೇಗೆ ಹೊರುತ್ತಿದ್ದರೋ ಕಾಣೆ, ನನ್ನ ಕುತ್ತಿಗೆ ಉಳುಕಿತು. "ಕೂಲಿಯೇ ಜಾಸ್ತಿ ಸಾರ್. ಒಂದಕ್ಕೆ ಮೂರು ಪಟ್ಟು."

ಅವರು ಗುಮಾಸ್ತನಿಗೆ ಹೇಳಿ ಬರೆಸಿದರು: ಮುಖ್ಯಸ್ಥರು ಪಡೆಯುವ ಒಂದು ಲೋಟ ಹಾಲು ಅವರು ಮಾಡುವ ಕೆಲಸದ ಕೂಲಿಗಿಂತ ಕಡಿಮೆ, ಅದರಿಂದ ಸಂಸ್ಥೆಗೆ ಲಾಭವೇ ಹೊರತು ನಷ್ಟವಿಲ್ಲ, ಮುಖ್ಯಸ್ಥರಿಗೆ ಬೇರೆ ಸ್ವಂತ ಆಸ್ತಿ ಕಂಡುಬಂದಿಲ್ಲ, ವಿನಾಯಿತಿ ಮುಂದುವರಿಸಲು ಅಡ್ಡಿಯಿಲ್ಲ. ಸಹಿ ಹಾಕಿ ಎದ್ದು ನಿಂತು ಅಯ್ಯನವರಿಗೆ ಕೈ ಮುಗಿದರು. "ನಾನು ಅನುಮಾನ ಪಟ್ಟಿದ್ದು ತಪ್ಪು ಅಂತ ಹೇಳಲ್ಲ," ಎಂದರು. "ಹೇಳಬೇಡಿ. ನೋಡಿ ಹೋಗುವವರು ಬೇಕು," ಎಂದರು ಅಯ್ಯನವರು.

ಜೀಪು ಹತ್ತುವ ಮುನ್ನ ಅಧಿಕಾರಿ ನನ್ನನ್ನು ಕರೆದರು. "ನಿಮ್ಮ ಎರಡು ಕಾಗದಾನೂ ಫೈಲಲ್ಲಿ ಇರ್ತವೆ. ಮೊದಲನೇದು ಓದಿದೋರು ಎರಡನೇದೂ ಓದ್ಲಿ." ಆ ಎರಡು ಕಾಗದಗಳ ಫಲವಾಗಿ ನನಗೊಂದು ಎಚ್ಚರಿಕೆ ಪತ್ರ ಬಂತು, ಖಾಯಂ ಆಗುವುದು ಒಂದು ವರ್ಷ ಮುಂದೆ ಹೋಯಿತು. ಕೆಲಸ ಹೋಗಲಿಲ್ಲ. ನನ್ನ ತಪ್ಪಿಗೆ ಅದು ಬಹಳ ಅಗ್ಗವಾಯಿತೆಂದು ಈಗಲೂ ನನ್ನ ಅಭಿಪ್ರಾಯ.

ಆದರೆ ಆ ಹೊತ್ತಿನಲ್ಲಿ ಅದೆಲ್ಲ ನನ್ನ ತಲೆಯಲ್ಲಿ ಇರಲಿಲ್ಲ. ಈ ಸುದ್ದಿ ನರ್ಸಮ್ಮನಿಗೆ ಗೊತ್ತಿಲ್ಲವಲ್ಲ ಎಂಬುದೊಂದೇ ಇತ್ತು. ಮುಚ್ಚಿದ ಬಾಗಿಲಿಗೆ ಹೋಗಿ ಮೆಲ್ಲಗೆ ಬಡಿದೆ. ಒಂದು ಗೇಣು ತೆರೆಯಿತು. ಬೆವರಿಳಿಯುವ ಮುಖ, ಮೊಣಕೈವರೆಗೆ ಮಡಚಿದ ತೋಳು.

"ಉಳೀತು ನರ್ಸಮ್ಮ," ಎಂದೆ. ಮೂರು ವಾರದಿಂದ ತಡೆದಿಟ್ಟದ್ದೆಲ್ಲ ಕಣ್ಣಲ್ಲಿ ಇಳಿಯತೊಡಗಿತು. ನಾಚಿಕೆಯೂ ಆಗಲಿಲ್ಲ ನನಗೆ.

ಅವರು ಒಂದು ಕ್ಷಣ ಕಣ್ಣು ಮುಚ್ಚಿ ಬಾಗಿಲಿಗೆ ಹಣೆ ಆನಿಸಿದರು. ಒಳಗಿನಿಂದ ಆ ಹೆಂಗಸು ಕೂಗಿದಳು.

"ಒಳ್ಳೇದಾಯ್ತು," ಎಂದರು. "ಅಳೂದು ಆಮೇಲೆ ಅಳಿ ಡಾಕ್ಟ್ರೇ. ಹಿಂದೆ ಹಂಡೇಲಿ ನೀರು ಕಾದಿದೆ, ಓಡಿ ತನ್ನಿ."

ನಾನು ಓಡಿದೆ.